ಏಳನೆಯ ಹೆಬ್ಬೆಟ್ಟು

ಮೊದಲೇ ಹೇಳಿಬಿಡುತ್ತೇನೆ:
ಆ ಯಂತ್ರದ ಈಚೆ ಬದಿಗೆ ಕೂತಿದ್ದವಳು ನಾನೇ.
ಶಿಡ್ಲಘಟ್ಟದ ನ್ಯಾಯಬೆಲೆ ಅಂಗಡಿ, ತಿಂಗಳಿಗೆ ಮೂರು ಸಾವಿರ.
ಬೆರಳಿಡಿ ಅನ್ನುವುದು, ಕೆಂಪು ದೀಪ ಹತ್ತಿದರೆ
ನಾಳೆ ಬನ್ನಿ ಅನ್ನುವುದು. ಅಷ್ಟೇ ಕೆಲಸ.

ಹನ್ನೊಂದನೇ ವಯಸ್ಸಿಗೇ ಗೂಡು ಬೇಯುವ ನೀರಿಗೆ
ಕೈಯಿಟ್ಟವಳು ಜುಬೇದಾಬಿ.
ಬೆರಳ ತುದಿಗಳು ಹಿತುಕಿದ ಅವರೆಬೇಳೆ,
ಗೆರೆಯೆಲ್ಲ ಎಳೆಯ ಜೊತೆಗೇ ಬಿಚ್ಚಿಕೊಂಡು
ಚರಕ ಸುತ್ತಿಕೊಂಡು ಹೋಗಿತ್ತು.
ಯಾರದೋ ಧಾರೆ ಸೀರೆಯ ಮಡಿಕೆಯಲ್ಲಿ
ಅವು ಮಿನುಗುತ್ತಿರಬೇಕು ಈಗ
ಅಂತ ಹೊಳೆದದ್ದು ಬಹಳ ತಡವಾಗಿ. ಆವತ್ತು ನಾನಂದದ್ದು
ನಾಳೆ ಬನ್ನಿ.

ನಾಳೆ ಬಂದಳು. ನಾಡಿದ್ದು ಬಂದಳು.
ನಾಲ್ಕನೆಯ ದಿನ ಎರಡೂ ಅಂಗೈ
ತಕ್ಕಡಿಯ ತಟ್ಟೆಯ ಮೇಲೆ ಮಲಗಿಸಿ
"ನೋಡಮ್ಮ, ನಾನು ಇದೀನೋ ಇಲ್ವೋ
ನೀನೇ ಹೇಳ್ಬಿಡು" ಅಂದಳು.

ಅವತ್ತೇ ಕೆಲಸ ಬಿಟ್ಟೆನೆಂದು ಭಾಷಣಗಳಲ್ಲಿ ಹೇಳುತ್ತಾರೆ.
ಬಿಡಲಿಲ್ಲ. ಇನ್ನೂ ಏಳು ತಿಂಗಳು ಅಲ್ಲೇ ಇದ್ದೆ.
ಇಲ್ಲದವರ ಹೆಸರುಗಳನ್ನು ಮಾತ್ರ
ನೋಟುಬುಕ್ಕಿನ ಹಿಂದಿನ ಹಾಳೆಯಿಂದ ಬರೆಯುತ್ತ ಬಂದೆ.
ನೂರ ಹದಿನಾಲ್ಕು.

ಸಂಘಕ್ಕೆ ಏಳು ಜನ ಬೇಕು ಅಂತ ಕಾನೂನು.
ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಬೈಲಾ ಓದಿ ಹೇಳಿದೆ.
"ಧ್ಯೇಯೋದ್ದೇಶಗಳು" ಅನ್ನುವಾಗ ಗಂಗುಲಮ್ಮನಿಗೆ ನಗು ಬಂದು
ಎಲೆಅಡಿಕೆ ನೆತ್ತಿಗೇರಿ, ಕಂಡಕ್ಟರು ನೀರು ಕೊಟ್ಟ.
ಕಚೇರಿಯಲ್ಲಿ ಏಳನೆಯದು ಜುಬೇದಾಬಿಯ ಹೆಬ್ಬೆಟ್ಟು.
ಒತ್ತಿದಳು. ಕಾಗದದ ಮೇಲೊಂದು ನೀಲಿ ಚಂದ್ರ,
ಒಂದು ಗೆರೆಯೂ ಇಲ್ಲ.
ಗುಮಾಸ್ತರು ಕನ್ನಡಕ ಸರಿಸಿದರು:
"ಇದೇನು ಬೆರಳೋ ಬದನೆಕಾಯೋ?"
"ಇದೇ ಸಾರ್ ನಮ್ಮ ಧ್ಯೇಯೋದ್ದೇಶ" ಅಂದೆ.

(ಅನ್ನಲಿಲ್ಲ. ಆ ಮಾತು ಹೊಳೆದದ್ದು
ವಾಪಸು ಬರುವಾಗ, ಬಸ್ಸಿನಲ್ಲಿ.
ಅಲ್ಲಿ ಅಂದದ್ದು: ಇನ್ನೊಂದು ಸಲ ಒತ್ತಿಸ್ತೀನಿ ಸಾರ್.)

ಪಂಕ್ಚರ್ ಅಂಗಡಿ ಮೇಲಿನ ಕೋಣೆ, ಬಾಡಿಗೆ ಎಂಟುನೂರು.
ರಬ್ಬರ್ ಸೀಲಿಗೆ ನೂರ ಇಪ್ಪತ್ತು.
ತಹಸೀಲ್ದಾರರ ಮೆಟ್ಟಿಲ ಮೇಲೆ ಕೂತದ್ದಕ್ಕೆ ಲೆಕ್ಕವಿಲ್ಲ.
ಮೊದಲ ಗೆಲುವು ತೊಂಬತ್ತು ಕೆಜಿ ಅಕ್ಕಿ;
ಅದರಲ್ಲಿ ನುಸಿ ಇತ್ತು, ಯಾರೂ ದೂರಲಿಲ್ಲ.

ಆಮೇಲೆ ಹಣ ಬಂತು. ಹಣದ ಹಿಂದೆ ಕಾರು,
ಕಾರಿನಿಂದ ಕ್ಯಾಮೆರಾ ಇಳಿಯಿತು.
"ಆ ಕೈ ಸ್ವಲ್ಪ ಬೆಳಕಿಗೆ" ಅಂದರು.
ಜುಬೇದಾಬಿಯ ಮಣಿಕಟ್ಟು ಹಿಡಿದು
ಬೆಳಕಿಗೆ ಎತ್ತಿದವಳು ನಾನು.
ಮತ್ತೆ ಯಂತ್ರದ ಈಚೆ ಬದಿ.
ವಾರ್ಷಿಕ ವರದಿಯ ಮುಖಪುಟಕ್ಕೆ ಆ ಕೈ,
ಒಳಗೆ ಹದಿನೇಳು ಕಡೆ ನನ್ನ ಹೆಸರು.
ಎಣಿಸಿದವಳು ಗಂಗುಲಮ್ಮನ ಮೊಮ್ಮಗಳು,
ಅಜ್ಜಿಗೆ ಓದಿ ಹೇಳುತ್ತ, ಒಂದೊಂದಕ್ಕೂ ಬೆರಳು ಮಡಚುತ್ತ.

ಆ ವರ್ಷದ ಸರ್ವಸದಸ್ಯರ ಸಭೆ.
ಎಲ್ಲರ ಸೀರೆಯಲ್ಲೂ ಬೆಂದ ಹುಳುವಿನ ವಾಸನೆ,
ನನ್ನದೊಂದು ಬಿಟ್ಟು.
ಅಧ್ಯಕ್ಷರು ಯಾರಾಗಬೇಕು ಅಂದಾಗ
ಫ್ಯಾನಿನ ಸದ್ದು ಕೇಳಿಸಿತು ಸ್ವಲ್ಪ ಹೊತ್ತು.
"ನಮ್ಮ ಫರ್ಜಾನ ಪೀಯುಸಿ ಮಾಡವ್ಳೆ,
ಕೈಯೂ ಬೆಂದೈತೆ" ಅಂದಳು ಗಂಗುಲಮ್ಮ,
ಆಮೇಲೆ ನನ್ನ ಕಡೆ ತಿರುಗಿ,
"ನಿಂಗೆ ಸಿಟ್ಟು ಬತ್ತದೆ. ಬರ್ಲಿ."

ಬಂತು. ಮೂರು ದಿನ ಬೀಗದ ಕೈ ಕೊಡಲಿಲ್ಲ.
ಅವರು ಬೀಗ ಒಡೆಯಲೂ ಇಲ್ಲ,
ಮೆಟ್ಟಿಲ ಮೇಲೆ ಕೂತು ಅರ್ಜಿ ಬರೆದುಕೊಟ್ಟರಂತೆ
ಬಂದವರಿಗೆಲ್ಲ.

ನಾಲ್ಕನೆಯ ದಿನ ಹೋದೆ.
ಫರ್ಜಾನ ಹಾಜರಿ ಪುಸ್ತಕ ತಳ್ಳಿದಳು, ತಲೆಯೆತ್ತದೆ.
ಪೆನ್ನಿನಲ್ಲಿ ಇಂಕಿರಲಿಲ್ಲ. ಸ್ಟ್ಯಾಂಪ್ ಪ್ಯಾಡಿತ್ತು.
ಒತ್ತಿದೆ. ಗೆರೆಗೆರೆಯೂ ಮೂಡಿತು,
ಆಗಷ್ಟೇ ಉತ್ತ ರಾಗಿ ಹೊಲ,
ಯಾವ ಯಂತ್ರವೂ ಇಲ್ಲ ಅನ್ನದಂಥದು.
ಜುಬೇದಾಬಿ ಬಗ್ಗಿ ನೋಡಿ
"ಎಷ್ಟು ಚೆನ್ನಾಗಿ ಬಂದೈತೆ" ಅಂದಳು,
ನಿಜವಾಗಿಯೂ ಮೆಚ್ಚಿ.

ಕೆಳಗೆ ಯಾವುದೋ ಟ್ಯೂಬು ನೀರಿನಲ್ಲಿ ಗುಳ್ಳೆ ಬಿಡುತ್ತಿತ್ತು.
ಕೈ ಒರೆಸಲು ಬಟ್ಟೆ ಹುಡುಕುತ್ತ
ಸಾಲಿನ ಕೊನೆಗೆ ಹೋಗಿ ಕೂತೆ.